ಇನ್ನೂರಾ ಹನ್ನೊಂದು ಚುಕ್ಕೆ

ಎಣಿಸುತ್ತಿದೆ, ಗಾಜಿನ ಮೂಲೆಯಲ್ಲಿ ಹಸಿರು ಅಂಕಿ, ಅರವತ್ತನಾಲ್ಕು, ನೂರಾ ಇಪ್ಪತ್ತೆಂಟು, ನೂರಾ ತೊಂಬತ್ತೆರಡು, ಎದ್ದ ಕೂಡಲೇ ತನ್ನ ನೆನಪೆಲ್ಲ ನೆಟ್ಟಗಿದೆಯೋ ಇಲ್ಲವೋ ಎಂದು ತಾನೇ ಎಣಿಸಿ ನೋಡಿಕೊಳ್ಳುವ ಕಂಪ್ಯೂಟರ್, ನಾನೂ ಹಾಗೆಯೇ, ಹಾಸಿಗೆ ಬಿಡುವ ಮುಂಚೆ ಹಾಜರಿ ಪುಸ್ತಕದ ಕ್ರಮದಲ್ಲಿ ಮಕ್ಕಳ ಹೆಸರು, ಮುಂಡರಗಿ ಶಾಲೆಯ ಏಳನೆಯ ಇಯತ್ತೆ, ಈ ಅರವತ್ತೊಂದರ ವಯಸ್ಸಿನಲ್ಲೂ ಒಂದು ಹೆಸರು ತಪ್ಪಿಲ್ಲ — ಆರುನೂರಾ ನಲವತ್ತು, ನಿಂತಿತು, ಗಡಿಯಾರದಲ್ಲಿ ಎಂಟು ಗಂಟೆ ಒಂದು ನಿಮಿಷ, ಬರೆದುಕೊಳ್ಳಬೇಕು, ಎಣಿಕೆಗೆ ಬರೀ ಒಂದು ನಿಮಿಷ, ಹಾಗಾದರೆ ತಡವಾಗುವುದು ಇಲ್ಲಿ ಅಲ್ಲ. ಇವತ್ತು ಸೋಮವಾರ, ಹನ್ನೊಂದಕ್ಕೆ ಅಂದಾನಪ್ಪನವರು ಬರುತ್ತಾರೆ, ಆಸ್ಪತ್ರೆ ಕಮಿಟಿಯ ಚೇರ್ಮನ್ನರು, ಒಳ್ಳೆಯವರು, ಒಳ್ಳೆಯವರಾದದ್ದಕ್ಕೇ ಬೀಳ್ಕೊಡುವ ಶಾಲು ತರುತ್ತಾರೆ, ಹೋದ ವಾರವೇ ಹೇಳಿದ್ದಾರೆ, ಬಾಯಾರ, ಸೋಮವಾರದೊಳಗ ಇದು ಲಗೂನ ಏಳಲಿಲ್ಲಂದ್ರ ಖೋಕಾದಾಗ ಹಾಕಿ ಕಂಪನಿಗೆ ವಾಪಸ್ ಕಳಸೂಣು, ಮೊದಲಿನ ಕಾರ್ಡಿನ ಪೆಟಗಿನ ಚಲೋ ಇತ್ತು, ನೀವೂ ಭಾಳ ದಣದೀರಿ, ಮನ್ಯಾಗ ಆರಾಮ ಇರ್ರಿ. ನಾನು ದಣಿದಿದ್ದೇನೆಂದು ಇವರಿಗೆ ಹೇಳಿದವರು ಯಾರು, ಮೂವತ್ತಾರು ವರ್ಷ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಮಕ್ಕಳಿಗೆ ಗಣಿತ ಕಲಿಸಿ ದಣಿಯದವಳು, ಧಾರವಾಡದ ಕಾಲೇಜಿನಲ್ಲಿ ಗಣಿತದ ವರ್ಗಕ್ಕೆ ನಾವು ಇಬ್ಬರೇ ಹುಡುಗಿಯರು, ಆಮೇಲೆ ಹೋದ ವರ್ಷದ ಬೇಸಿಗೆಯಲ್ಲಿ, ನಿವೃತ್ತಿಯಾದ ಮೇಲೆ, ಹುಬ್ಬಳ್ಳಿಗೆ ಮೂರು ವಾರ ಬಸ್ಸಿನಲ್ಲಿ ಹೋಗಿ ಬಂದು ಈ ಯಂತ್ರದ ಭಾಷೆ ಕಲಿತೆ, ಅಲ್ಲಿ ಎಲ್ಲರೂ ನನ್ನನ್ನು ಯಾರದೋ ಅಜ್ಜಿ ಡಬ್ಬಿ ಕೊಡಲು ಬಂದಿದ್ದಾಳೆ ಎಂದುಕೊಂಡಿದ್ದರು, ಪರೀಕ್ಷೆಯಲ್ಲಿ ಮೊದಲ ಹೆಸರು ತಾರಾಬಾಯಿ. ರಕ್ತ ಕೊಡುವವರ ಪಟ್ಟಿ, ನಾನೂರಾ ಹದಿನೆಂಟು ಹೆಸರು, ಕೊರ್ಲಹಳ್ಳಿಯಿಂದ ಲಕ್ಷ್ಮೇಶ್ವರದವರೆಗೆ, ಒಂದೊಂದನ್ನೂ ಈ ಎರಡು ಬೆರಳಿಂದಲೇ ಹೊಡೆದದ್ದು, ಗುಂಪು ಕೇಳಿದರೆ ಕ್ಷಣದಲ್ಲಿ ಹೆಸರು ಕೊಡುತ್ತದೆ, ಎದ್ದಿದ್ದರೆ. ಏಳುವುದೇ ಕಷ್ಟ. ದಸರೆಯಿಂದ ಈಚೆಗೆ. ಈ ಬೇಸಿಗೆಯಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತದೆ, ಬಂದ ಮೇಲೆ ಇದು ಮತ್ತೆ ಮೊದಲಿನಿಂದ ಏಳಬೇಕು, ಮುಳಗುಂದದ ಸುಮಿತ್ರವ್ವ, ಹೋದ ಬುಧವಾರ, ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ, ಒ ನೆಗೆಟಿವ್, ಕರೆಂಟು ಬಂದಿತ್ತು, ಇದು ಎದ್ದಿರಲಿಲ್ಲ — ಉಳಿದಳು, ನರ್ಸ್ ಖಾತುನಬಿಗೆ ಬೆಟಗೇರಿಯ ಮಾರ್ತಾಂಡ ಮಾಸ್ತರರ ಹೆಸರು ನೆನಪಿತ್ತಂತೆ, ಫೋನು ಮಾಡಿದಳು, ಉಳಿದಳು, ಆದರೆ ನರ್ಸಿನ ನೆನಪಿನ ಮೇಲೆ ಒಂದು ಜೀವ ನಿಲ್ಲುವುದಾದರೆ ಈ ಯಂತ್ರ ಯಾಕೆ, ನಾನು ಯಾಕೆ.

ಪರದೆ ಕಪ್ಪಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು, ಮಕ್ಕಳಿಗೆ ಹೇಳಿದ್ದನ್ನೇ ಹೋದ ವಾರವಿಡೀ ಮಾಡಿದ್ದೇನೆ, ವಹಿಯಲ್ಲಿದೆ, ಸೋಮವಾರ ಧೂಳು ಒರೆಸಿದೆ, ಮಂಗಳವಾರ ಸ್ಟೆಬಿಲೈಜರ್ ಬದಲಿಸಿದೆ, ಗುರುವಾರ ವಾಯರುಗಳನ್ನೆಲ್ಲ ಬಿಚ್ಚಿ ಮತ್ತೆ ಸಿಕ್ಕಿಸಿದೆ, ಶುಕ್ರವಾರ ಬೇಡದ ಕಡತಗಳನ್ನು ಅಳಿಸಿದೆ, ಪ್ರತಿ ಸಲವೂ ಕಾವಲುಗಾರ ಹುಚ್ಚಪ್ಪನನ್ನು ಕೇಳಿದೆ, ಎಷ್ಟು ಹೊತ್ತು ಹಿಡಿಯಿತೋ, ಇವತ್ತ ಸ್ವಲ್ಪ ಜಲ್ದಿ ಎದ್ದತಿ ಅನಸ್ತೈತ್ರಿ ಬಾಯಾರ, ಅದನ್ನೇ ಬರೆದುಕೊಂಡೆ, ಸ್ವಲ್ಪ ಜಲ್ದಿ, ಸ್ವಲ್ಪ ಜಲ್ದಿ, ನಾಲ್ಕು ದಿನ ಸ್ವಲ್ಪ ಜಲ್ದಿಯಾದರೆ ಇಷ್ಟರಲ್ಲಿ ಹಾರಬೇಕಿತ್ತಲ್ಲ. ನಾನೇ ಯಾಕೆ ನೋಡಲಿಲ್ಲ. ನಾನು ಬರುವ ಹತ್ತಕ್ಕೆ ಅವನು ಇದನ್ನು ಎಬ್ಬಿಸಿ, ಹೊದಿಕೆ ಮಡಿಚಿಟ್ಟು, ಕುರ್ಚಿ ಒರೆಸಿ ಇಟ್ಟಿರುತ್ತಾನೆ, ನಡುವೆ ಕರೆಂಟು ಹೋಗಿ ಬಂದರೆ ಬಾಯಾರ, ಹೊರಗ ಕುಂಡ್ರಿ, ಗಾಳಿ ಐತಿ, ಚಾ ತರ್ತೀನಿ, ಎದ್ದಕೂಡ್ಲೆ ಕರೀತೀನಿ, ಆರು ತಿಂಗಳು, ಒಂದು ಸಲವೂ ಇದರ ಮುಂದೆ ನನ್ನನ್ನು ಕಾಯಗೊಡಲಿಲ್ಲ, ಇವತ್ತು ಎಂಟಕ್ಕೇ ಬಂದೆನೆಂದು ಅವನ ಮುಖ ಯಾಕೆ ಹಾಗಾಯಿತು, ಬ್ಯಾಡ್ರಿ, ನಾನ ಹಚ್ತೀನಿ, ಹಾಲು ತರಲು ಕಳಿಸಬೇಕಾಯಿತು — ಒಂದು ಚುಕ್ಕೆ. ಪರದೆಯ ಬುಡದಲ್ಲಿ ಒಂದು ಹಸಿರು ಚುಕ್ಕೆ. ಓ, ಸಮೆ. ನನ್ನ ಸಮೆ, ಕಂಬದ ದೀಪ. ಹೋದ ದಸರೆಯ ಖಂಡೇಪೂಜೆಗೆ ನಾನೇ ಬರೆದ ಪ್ರೋಗ್ರಾಮು, ಇನ್ನೂರಾ ಹನ್ನೊಂದು ಚುಕ್ಕೆಯಲ್ಲಿ ಒಂದು ದೀಪ, ಪೀಠದಿಂದ ಮೇಲಕ್ಕೆ ಕಟ್ಟುತ್ತ ಹೋಗಿ ಕೊನೆಯ ಒಂದೇ ಚುಕ್ಕೆ ಕುಡಿ, ಹುಬ್ಬಳ್ಳಿಯ ಕಂಪನಿಯವರೂ ಇಂಥದ್ದು ನೋಡಿರಲಿಲ್ಲ, ತಕ್ಕಡಿಗೆ, ಟೈಪ್‌ರೈಟರಿಗೆ, ಆಂಬುಲೆನ್ಸಿಗೆ ಕುಂಕುಮ ಹಚ್ಚಿ ಇದರ ಮುಂದೆ ಬಂದು ನಿಂತರು, ಗಾಜಿಗೆ ಕುಂಕುಮ ಬೇಡ ಎಂದೆ, ಇದು ತನ್ನ ದೀಪ ತಾನೇ ಹಚ್ಚಿಕೊಳ್ಳುತ್ತದೆ ಎಂದೆ, ಹೌದು, ಜಂಬದಿಂದಲೇ ಅಂದೆ. ಮೊದಲ ಸಲ ಭರ್ರನೆ ಬಂದುಬಿಟ್ಟಿತು, ಅಡುಗೆಯ ತಿಪ್ಪವ್ವ, ಅಯ್ಯ, ಆರತಿ ತಾಟ ಎತ್ತೂದ್ರಾಗ ಮುಗೀತಲ್ರಿ, ಆರತಿ ಹಾಡೂತನಕರ ಇರಲಿ, ಎಲ್ಲರೂ ನಕ್ಕರು, ನಾನು ಕೂತು ಒಂದು ಸೊನ್ನೆ ಹಚ್ಚಿದೆ, ಚುಕ್ಕೆಗೂ ಚುಕ್ಕೆಗೂ ನಡುವೆ ಇನ್ನೂರರವರೆಗೆ ಎಣಿಸು ಎಂದಿದ್ದದ್ದನ್ನು ಎರಡು ಸಾವಿರ ಮಾಡಿದೆ, ಆರತಿ ಹಾಡು ಮುಗಿಯುವುದಕ್ಕೂ ಕುಡಿ ಹತ್ತುವುದಕ್ಕೂ ಸರಿಯಾಯಿತು, ಅಂದಾನಪ್ಪನವರೇ ಕೈಮುಗಿದು ದಿನಾ ಇದ ಮೊದಲ ಆಗಲಿ ಬಾಯಾರ ಎಂದರು, ಎದ್ದ ಕೂಡಲೇ ಯಂತ್ರ ಓದುವ ಕಡತದಲ್ಲಿ ಮೊದಲನೆಯ ಸಾಲಿಗೆ ಅದನ್ನೇ ಬರೆದೆ. ಎರಡನೆಯ ಚುಕ್ಕೆ. ಎಷ್ಟು ನಿಧಾನ. ಒಂದಕ್ಕೆ ಎರಡು ಸೆಕೆಂಡು. ಇನ್ನೂರಾ ಹನ್ನೊಂದನ್ನು ಎರಡರಿಂದ ಗುಣಿಸಿದರೆ ನಾನೂರಾ ಇಪ್ಪತ್ತೆರಡು, ಅರವತ್ತರಿಂದ ಭಾಗಿಸಿದರೆ ಏಳು ನಿಮಿಷ, ಮೇಲೆ ಎರಡು ಸೆಕೆಂಡು. ಏಳು ನಿಮಿಷ. ದೇವರೇ. ಧೂಳಲ್ಲ, ಕರೆಂಟಲ್ಲ, ನನ್ನ ಸೊನ್ನೆ. ಗಣಿತದ ಬಾಯಾರ ಒಂದು ಸೊನ್ನೆ. ಇಷ್ಟು ದಿನ ಯಾರಿಗೂ — ಪೆನ್ನು ಎಲ್ಲಿ, ಕೀಲಿಗಳ ಹಲಗೆಯನ್ನು ಸ್ವಲ್ಪ ಎತ್ತಿದರೆ ಕೆಳಗೆ ಒಂದು ಮಡಿಚಿದ ಹಾಳೆ, ಒ ನೆಗೆಟಿವ್ ಹನ್ನೊಂದು ಹೆಸರು, ಬಿ ನೆಗೆಟಿವ್ ಒಂಬತ್ತು, ಫೋನ್ ನಂಬರು, ಏಳರ ಅಂಕಿಯ ನಡುವೆ ಅಡ್ಡಗೆರೆ, ಲಕ್ಷ್ಮೇಶ್ವರದಲ್ಲಿ ನಾನು ಕಲಿಸಿದ ಏಳು, ಖಾತುನಬಿಯ ಏಳು, ಮಡಿಕೆಯಲ್ಲಿ ಹರಿಯುವಷ್ಟು ಹಳೆಯ ಹಾಳೆ, ಮೇಲೆ ಸಣ್ಣಗೆ ಬರೆದಿದ್ದಾಳೆ, ದೀಪ ಹತ್ತೂತನಕ.

ದೀಪ ಹತ್ತೂತನಕ. ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು, ಹುಚ್ಚಪ್ಪನ ಚಹಾ, ಹೊರಗಿನ ಗಾಳಿ, ಸ್ವಲ್ಪ ಜಲ್ದಿ, ತಿಪ್ಪವ್ವ ಒಮ್ಮೆ ಇಲಿ ತಂತಿ ಕಡದಾವು ನೋಡ್ರಿ ಎಂದಳಲ್ಲ, ಇಲಿಯೇ ಇಲ್ಲದ ಕೋಣೆಯಲ್ಲಿ, ನೆನಪಿತ್ರಿ ಬಾಯಾರ ಎಂದ ಖಾತುನಬಿ, ನೆನಪಲ್ಲ ಅದು, ಬರೆದು ಇಟ್ಟುಕೊಂಡದ್ದು, ನನ್ನ ಸೊನ್ನೆಯ ಕೆಳಗೆ ಇವಳ ಹಾಳೆ ಇತ್ತು, ಸುಮಿತ್ರವ್ವ ಉಳಿದದ್ದು ಅದರಿಂದ. ಬಾಗಿಲಲ್ಲಿ ನಿಂತಿದ್ದಾಳೆ, ಯಾವಾಗ ಬಂದಳೋ, ಬಿಳಿ ಸೀರೆ, ಕೈಯಲ್ಲಿ ಟ್ರೇ, ಹಾಳೆ ನೋಡಿದಳು, ನನ್ನನ್ನು ನೋಡಿದಳು. ಹೇಳಬಾರದಿತ್ತೇನ ಖಾತೂ. ಹೆಂಗ ಹೇಳೂದ್ರಿ ಬಾಯಾರ, ನೀವು ಹಚ್ಚಿದ್ದ ದೀಪ, ನಾವು ಹೆಂಗ ಶಾಂತ ಮಾಡ್ರಿ ಅನ್ನೂದು. ದಡ್ಡಿ, ಒಬ್ಬಾಕಿ ಜೀವ ಹೋಗಿದ್ರ. ಹೋಗಗೊಡ್ತಿದ್ದಿಲ್ರಿ, ಮಾಸ್ತರ್ಗ ಫೋನ್ ಹಚ್ಚಿದಾಗ ಇನ್ನೂ ನಿಮ್ಮ ಸಮೇದ ಕಂಬ ಸೈತ ಬಂದಿದ್ದಿಲ್ಲ, ನಗುತ್ತಾಳೆ, ನನಗೂ ನಗು, ಕಣ್ಣಲ್ಲಿ ನೀರು, ಬೈಯಬೇಕು, ಬೈಯಲಾರೆ, ನನ್ನ ವರ್ಗದಲ್ಲಿ ಭಾಗಾಕಾರ ಬಾರದೆ ಅತ್ತವಳು, ಏಳು ನಿಮಿಷವನ್ನು ಒಂದು ಹಾಳೆಯಲ್ಲಿ ದಾಟಿದಳು, ಎಷ್ಟು ಜನ ಮಾಸ್ತರರಿಗೆ ಇಂಥ ಶಿಷ್ಯೆ ಸಿಗುತ್ತಾಳೆ. ಸರಿ ಮಾಡಬೇಕು. ಸೊನ್ನೆ ಒರೆಸಿದರೆ ನಲವತ್ತೆರಡು ಸೆಕೆಂಡು, ಸಾಲದು, ರಕ್ತ ಹರಿಯುವಾಗ ನಲವತ್ತೆರಡು ಸೆಕೆಂಡು ಬಹಳ, ಪೂರ್ತಿ ತೆಗೆಯಬೇಕು, ಪೀಠದ ಸಾಲು ಅಳಿಸಿದೆ, ಸಮೆಯ ಕಂಬದ ಸಾಲು, ಬಟ್ಟಲಿನ ಸಾಲು, ನಾನು ಬರೆದದ್ದನ್ನು ನಾನೇ ಅಳಿಸಬಲ್ಲೆ, ಪಾಟಿಯ ಮೇಲೆ ಎಷ್ಟು ಸಲ ಅಳಿಸಿಲ್ಲ, ಇನ್ನು ಒಂದೇ ಸಾಲು, ಕುಡಿಯದು, ಎಣಿಕೆಯಿಲ್ಲ, ಕಾಯುವುದಿಲ್ಲ, ಇದು ಇರಲೇನ ಖಾತೂ — ಇರಲ್ರಿ, ಬಾಯಾರ, ಇದೊಂದು ಇರಲಿ. ಸಾಲುಗಳನ್ನು ಮತ್ತೆ ಮತ್ತೆ ಓದಿ ನೋಡುವುದರಲ್ಲೇ ಹೊತ್ತೇರಿತು, ಕಾರಿನ ಸದ್ದು. ಹನ್ನೊಂದಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಬಂದರು, ಅಂದಾನಪ್ಪನವರ ತೋಳಿನ ಮೇಲೆ ಶಾಲು, ನನ್ನ ಕಣ್ಣು ತಪ್ಪಿಸುತ್ತಾರೆ ಪಾಪ, ಹುಚ್ಚಪ್ಪಾ, ಆರಿಸು, ಮತ್ತೆ ಹಚ್ಚು, ಅವನ ಕೈ ಸ್ವಿಚ್ಚಿನ ಮೇಲೆ ನಿಂತೇ ಇದೆ, ಬಾಯಾರ, ನೀವು ಹೊರಗ ಗಾಳಿಗೆ, ಇಲ್ಲಪ್ಪ, ಇವತ್ತು ನಾನು ಇಲ್ಲೇ ಕೂಡುತ್ತೇನೆ, ಹಚ್ಚು. ಅರವತ್ತನಾಲ್ಕು, ನೂರಾ ಇಪ್ಪತ್ತೆಂಟು, ಅಂದಾನಪ್ಪನವರು ಗಡಿಯಾರ ನೋಡುತ್ತಾರೆ, ನನ್ನ ಬೆನ್ನು ನೆಟ್ಟಗಿದೆ, ಆರುನೂರಾ ನಲವತ್ತು, ಇನ್ನ ಎಷ್ಟೊತ್ರಿ ಬಾಯಾರ, ಆತ್ರಿ, ಆಗೇ ಹೋತು, ಪಟ್ಟಿ ಬಂದು ನಿಂತಿದೆ, ಗುಂಪು ಯಾವುದು ಎಂದು ಕೇಳುತ್ತಿದೆ, ಒಂದು ನಿಮಿಷ ಹತ್ತು ಸೆಕೆಂಡು, ಅವರು ಗಡಿಯಾರವನ್ನು ಕಿವಿಗೆ ಹಿಡಿದು ನೋಡುತ್ತಾರೆ, ನಿಂತಿದೆಯೋ ಎಂದು, ಶಾಲು ತೋಳಿನಿಂದ ಜಾರುತ್ತದೆ, ಹುಚ್ಚಪ್ಪ, ಯಂತ್ರಕ್ಕ ಹೊಚ್ಚರಿ ಸಾವ್ಕಾರ್ರ, ಧೂಳ ಭಾಳ ಐತಿ, ಖಾತುನಬಿ ಸೆರಗಿನಲ್ಲಿ ನಗುತ್ತಾಳೆ, ಬಾಯಾರ, ಮತ್ತ ದೀಪ ಎಲ್ಲಿ ಹೋತ್ರಿ, ಅಂದಾನಪ್ಪನವರ ದನಿ, ಅವರಿಗೂ, ಅಯ್ಯೋ ಅವರಿಗೂ ಗೊತ್ತಿತ್ತು, ಅದಕ್ಕೇ ಶಾಲು, ಅದಕ್ಕೇ ದಣದೀರಿ ಅಂದದ್ದು, ಹೇಳಲಾರದೆ — ಎಲ್ಲಿಯೂ ಹೋಗಿಲ್ಲ, ಮೇಲೆ ನೋಡಿ, ಹೆಸರುಗಳೆಲ್ಲದರ ಮೇಲೆ, ಕೆಳಗೆ ಸಮೆಯಿಲ್ಲ, ಬಟ್ಟಲಿಲ್ಲ, ಕಪ್ಪು ಗಾಜಿನಲ್ಲಿ ಕುಡಿಯೊಂದೇ, ಹಸಿರು ಚುಕ್ಕೆ, ಅದೊಂದೇ.