ಸಮಿತನ ಕಾರಿನ ಗುಟ್ಟಿನ ಖಾನೆ

ಆ ಕೆಂಪು ಸ್ಪೋರ್ಟ್ಸ್ ಕಾರಿಗೆ ಎರಡೇ ಸೀಟು. ಮನೀಷನ ಹೊಟ್ಟೆ ಉರಿಯಲು ಅಷ್ಟೇ ಸಾಕಿತ್ತು. ಪ್ರತಿ ಭಾನುವಾರ ಅತ್ತೆಯ ಮಗ ಸಮಿತ್ ನೆರೂಳಿನಿಂದ ಡೊಂಬಿವಲಿಗೆ ಬರುವಷ್ಟರಲ್ಲಿ ಅಪ್ಪ ಬೂಟು ಹಾಕಿಕೊಂಡು ಕಿಟಕಿಯಲ್ಲಿ ನಿಂತಿರುತ್ತಿದ್ದರು. "ಹೊರಟಿತು ಮಾವ–ಅಳಿಯನ ಸವಾರಿ" ಎಂದು ಅಮ್ಮ ನಗುತ್ತಿದ್ದಳು. ತಂಗಿಯ ಮಗನೆಂದರೆ ಮಾವನಿಗೆ ಒಂದು ತೂಕ ಹೆಚ್ಚು ಎನ್ನುವುದು ಅಳಿಯಕಟ್ಟಿನ ಅವರ ಊರ ಕಡೆಯಲ್ಲಿ ಹೊಸತಲ್ಲ. ಅದಕ್ಕೆ ಮಗ ಮುನಿಸಿಕೊಂಡರೆ ಜನ ನಕ್ಕಾರು.

ಅಪ್ಪ ವಸಂತಕುಮಾರರಿಗೆ ಕಿವಿ ಮಂದ. ಕಳೆದ ವರ್ಷ ಮನೀಷ್ ಅವರನ್ನು ಠಾಣೆಗೆ ಕರೆದೊಯ್ದು ಕಿವಿಯ ಮಿಷನ್ ಕೊಡಿಸಿದ್ದ. ತಿಂಗಳೊಳಗೆ ಅದು ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಬಿದ್ದುಹೋಯಿತೆಂದರು. ಅವನು ಮೂರು ಸಲ ಸ್ಟೇಷನ್ನಿಗೆ ಹೋಗಿ ವಿಚಾರಿಸಿ ಬಂದ. ಇನ್ನೊಂದು ತರುತ್ತೇನೆಂದರೆ ಅಪ್ಪ ಒಪ್ಪಲಿಲ್ಲ.

ಆ ಭಾನುವಾರ ಸಮಿತನಿಗೆ ಆಫೀಸಿನ ಕಾಲ್ ಬಂತು. "ಯಾರ್, ಆಜ್ ತೂ ಲೇಕೇ ಜಾ, ಇವತ್ತು ನೀನೇ ಕರ್ಕೊಂಡು ಹೋಗು. ಮಾವನ ರೌಂಡ್ ತಪ್ಪಿಸಬಾರದು" ಎಂದು ಮನೀಷನತ್ತ ಕೀ ಎಸೆದ. "ಎ.ಸಿ. ಕೆಳಗೆ ಒಂದು ಗುಪ್ತ ಖಾನೆ ಉಂಟು. ಇಂಜಿನ್ ಬಂದ್ ಇದ್ರೆ ಮಾತ್ರ ತೆರೀತದೆ. ನೀನು ಕೈ ಹಾಕ್ಬೇಡ, ಮಾವನಿಗೆ ಗೊತ್ತುಂಟು."

ಅದೂ ಮಾವನಿಗೇ ಗೊತ್ತು!

ಶಿಳ್‌ಫಾಟಾ ದಾಟುವವರೆಗೂ ಅಪ್ಪನ ಬೆರಳು ಡ್ಯಾಶ್‌ಬೋರ್ಡಿನ ಅದೇ ಜಾಗವನ್ನು ಸವರುತ್ತಿತ್ತು. ಮಹಾಪೆಯ ಖಾಲಿ ರಸ್ತೆಯಲ್ಲಿ, ಮುಚ್ಚಿದ ಫ್ಯಾಕ್ಟರಿ ಗೇಟಿನೆದುರು ಮನೀಷ್ ಇಂಜಿನ್ ನಿಲ್ಲಿಸಿ ತಾನೇ ಆ ಸಂದಿಗೆ ಉಗುರು ಹಾಕಿ ಎಳೆದ. ಅದು ಜಗ್ಗಲಿಲ್ಲ.

ಅಪ್ಪ ಅವನ ಮುಖವನ್ನೇ ನೋಡಿದರು. ಸುಮ್ಮನಿರಬಹುದಿತ್ತು. ಸುಮ್ಮನಿರದೆ ಅವನ ಕೈ ಸರಿಸಿ, ಕೆಳಗಿನ ದೊಡ್ಡ ಮುಚ್ಚಳವನ್ನು ಅರ್ಧ ತೆರೆದು, ಮೇಲೆ ಹೆಬ್ಬೆರಳಿನಿಂದ ಒತ್ತಿದರು. ಖಾನೆ ಮೆಲ್ಲಗೆ ಹೊರಬಂತು. ಒಳಗೆ, ಮಡಿಸಿದ ಕರವಸ್ತ್ರದ ಮೇಲೆ ಕಿವಿಯ ಮಿಷನ್.

"ಟ್ರೇನಲ್ಲಿ ಬಿದ್ದದ್ದು ಇಲ್ಲಿಗೆ ನಡ್ಕೊಂಡು ಬಂತಾ?" ಮನೀಷ್ ಕಿರುಚಿದ.

ಅಪ್ಪ ಅದನ್ನು ಕಿವಿಗೆ ಸಿಕ್ಕಿಸಿಕೊಂಡರು. "ಮೆಲ್ಲ ಬೈ ಮಾರಾಯ. ಈಗ ಕೇಳ್ತದೆ."

"ಮನೆಯಲ್ಲಿ ಯಾಕೆ ಹಾಕುದಿಲ್ಲ?"

"ಮನೆಯಲ್ಲಿ ನೀನು ಕೇಳುದು ಎರಡೇ. ಮದ್ದು ತಗೊಂಡ್ರಾ, ಊಟ ಆಯ್ತಾ. ಅದು ತುಟಿ ನೋಡಿದ್ರೇ ಗೊತ್ತಾಗ್ತದೆ."

"ಸಮಿತ್ ಅಂಥದ್ದೆಂಥ ಹೇಳ್ತಾನೆ?"

"ಅವ ಎಂಥದ್ದೂ ಹೇಳುದಿಲ್ಲ. ಮಾತಾಡುದು ನಾನು. ನಡುವೆ 'ಮತ್ತೆ, ಮಾವ?' ಅಂತಾನೆ. ಅದು ಕೇಳ್ಬೇಕಲ್ಲ."

ಅಷ್ಟೇ. ಒಂದು 'ಮತ್ತೆ'. ತನಗೂ ಆಡಲು ಬರುತ್ತಿದ್ದ ಮಾತು. ಆದರೆ ಈಗ ಆಡಿದರೆ ಅದು ಸಮಿತನಿಂದ ಕದ್ದಂತಾಗುತ್ತದೆ.

ಅಪ್ಪ ಗೇಟಿನ ಕಡೆ ಕೈ ತೋರಿಸಿದರು. "ಎಂಬತ್ತೆರಡರಲ್ಲಿ ಇದರೊಳಗೆ ಕ್ಯಾಂಟೀನ್ ನನ್ನದೇ, ಗೊತ್ತುಂಟಾ ನಿನಗೆ?"

ಗೊತ್ತಿರಲಿಲ್ಲ. ಒಂಬತ್ತು ವರ್ಷದಿಂದ ಮನೀಷ್ ಆಫೀಸಿಗೆಂದು ಬಸ್ಸಿಳಿಯುತ್ತಿದ್ದುದು ಈ ಗೇಟಿನ ಎದುರಿಗೇ.

"ಸಮಿತನಿಗೆ ಹೇಳಿದ್ದೀರಾ?"

"ಅವನಿಗಾ? ಎರಡು ಸಲ ಹೇಳಿದ್ದೇನೆ."

ಮನೀಷ್ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದ. ಅಪ್ಪನ ಮುಖ ನೋಡಲಿಲ್ಲ.

"ನನಗೆ ಮೂರು ಸಲ ಹೇಳಿ" ಎಂದ.