ವೆಂಕಟರತ್ನಮ್ಮನವರ ಜಗಲಿ

ಚಿಂತಾಮಣಿಯ ನಮ್ಮ ಬೀದಿಯಲ್ಲಿ ಕಾರು ಕೊಂಡವರಿಗೆಲ್ಲ ಮೊದಲು ಅಡ್ಡ ಬಂದದ್ದು ಮನೆ ಮುಂದಿನ ಜಗಲಿ. ಒಬ್ಬೊಬ್ಬರಾಗಿ ಎಲ್ಲರೂ ಒಡೆಸಿದರು. ಉಳಿದದ್ದು ವೆಂಕಟರತ್ನಮ್ಮನವರ ಮನೆಯದೊಂದೇ. ಸಂಜೆಯಾದರೆ ಸೊಪ್ಪು ಸೋಸುವುದು, ಊರವರ ಗುಣ ಸೋಸುವುದು ಎರಡೂ ಅಲ್ಲೇ. ಮಂಡಿನೋವಿನ ವೆಂಕಟರತ್ನಮ್ಮನವರಿಗೆ ನೆಲದ ಮೇಲೆ ಕೂರಲಾಗದು; ನಾಲ್ಕು ಜನರ ಮುಖ ನೋಡಲು ಇದ್ದದ್ದು ಆ ಕಲ್ಲೊಂದೇ.

ಆಮೇಲೆ ಮಗ ರಮೇಶ್‌ಬಾಬು ಕಾರು ತಂದ. ಅವನ ತಂದೆ ಮುನಿಶಾಮಪ್ಪನವರು ಆಯ್ದು ಆಯ್ದು ಹಾಕಿಸಿದ್ದ ಚಪ್ಪಡಿಗಳು ಒಂದೇ ಬೆಳಗ್ಗೆ ಪುಡಿಯಾದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

“ಇನ್ನು ಜಗಲಿ ಯಾಕಮ್ಮ? ಕಾರಲ್ಲಿ ಎಲ್ಲಿ ಬೇಕಾದ್ರೂ ಕರ್ಕೊಂಡು ಹೋಗ್ತೀನಿ.”

“ಎಲ್ಲಿಗೆ ನಾಯ್ನಾ? ಮಂಗಮ್ಮ ಇರೋದು ಎದುರುಮನೇಲಿ” ಎಂದರು ತಾಯಿ.

ರಮೇಶ್‌ಬಾಬುವಿಗೆ ಅದು ಕೇಳಿಸಲಿಲ್ಲ. ಹೊಸ ಕಾರು ಕೊಂಡವರಿಗೆ ಸ್ವಲ್ಪ ದಿನ ಕಿವಿ ಮಂದವಾಗುತ್ತದೆ.

ಆ ಕಾರು ಓಡಾಡಿದ್ದಾದರೂ ಎಷ್ಟು? ಪೇಟೆಯ ರಸ್ತೆ ಅಗಲ ಮಾಡಿದ್ದರು, ನಿಜ. ಅಗಲವಾದ ಜಾಗದಲ್ಲೆಲ್ಲ ಕಾರುಗಳು ನಿಂತವು. ಜನ ಚರಂಡಿಯ ಮುಚ್ಚಳದ ಮೇಲೆ ನಡೆದರು. ಆಫೀಸಿನ ಹತ್ತಿರ ನಿಲ್ಲಿಸಲು ಜಾಗ ಸಿಗದೆ ರಮೇಶ್‌ಬಾಬು ಕಾರನ್ನು ಮನೆ ಮುಂದೆ ಬಿಟ್ಟು, ತಾನೂ ಅದೇ ಮುಚ್ಚಳದ ಮೇಲೆ ನಡೆದುಹೋಗುತ್ತಿದ್ದ. ಜಗಲಿಯ ಜಾಗದಲ್ಲಿ ಕಾರು ಆರಾಮಾಗಿ ಕೂತಿತು. ವೆಂಕಟರತ್ನಮ್ಮನವರು ಒಳಗೆ ಟೀವಿಯ ಮುಂದೆ ಸೊರಗಿದರು. ನನಗಂತೂ ಆ ಕಾರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಅವರೆಕಾಯಿ ಕಾಲ ಬಂತು. ಒಬ್ಬರೇ ಕೂತು ಅವರೆಕಾಯಿ ಸುಲಿಯುವುದು ನಮ್ಮ ಕಡೆ ಜೈಲುಶಿಕ್ಷೆಗೆ ಸಮ. ಒಂದು ಸಂಜೆ ರಮೇಶ್‌ಬಾಬು ಮನೆಗೆ ಬಂದು ನೋಡಿದರೆ ಕಾರಿನ ನಾಲ್ಕೂ ಬಾಗಿಲು ಹಾರು ಹೊಡೆದಿವೆ. ಮೊಳೆಗೆ ನೇತುಹಾಕಿದ್ದ ಕೀಲಿ ತಾಯಿಯ ಸೊಂಟದಲ್ಲಿದೆ. ಅವರು ಹಿಂದಿನ ಸೀಟಿನಲ್ಲಿ ಕಾಲು ಹೊರಗೆ ಇಳಿಬಿಟ್ಟು ಕೂತಿದ್ದಾರೆ. ಸ್ಟೀರಿಂಗಿನ ಮುಂದೆ ಮಂಗಮ್ಮ, ಪಕ್ಕದಲ್ಲಿ ಅದೇ ಬೀದಿಯ ಅಶ್ವತ್ಥಮ್ಮ. ಕಾಲಡಿಯೆಲ್ಲ ಸಿಪ್ಪೆ.

“ಅಮ್ಮಾ! ಸೀಟು ಹಾಳಾಗ್ತದೆ!”

“ನನ್ನ ಮಂಡಿಗೆ ಸರಿಯಾಗೈತೆ ಕಣಪ್ಪ. ನಿಮ್ಮಪ್ಪ ಹಾಕ್ಸಿದ ಕಲ್ಲಿಗಿಂತ ಮೆತ್ತಗೈತೆ.”

ಎಷ್ಟೋ ದಿನದಿಂದ ಕಾಣದಿದ್ದ ನಗು ಅವರ ಮುಖದಲ್ಲಿತ್ತು. ರಮೇಶ್‌ಬಾಬು ಸಿಪ್ಪೆ ದಾಟಿಕೊಂಡು ಒಳಗೆ ಹೋದ. ಅಂದಿನಿಂದ ಬೀದಿಯ ಸಭೆ ಕಾರಿನಲ್ಲೇ.

ಅಷ್ಟರಲ್ಲಿ ಗೌರಿಬಿದನೂರಿನಲ್ಲಿ ನೆಂಟರ ಮನೆಯ ಆರತಕ್ಷತೆ ಬಂತು. ಕಾರಿನಲ್ಲೇ ಬರುತ್ತೇನೆಂದು ರಮೇಶ್‌ಬಾಬು ನೆಂಟರಿಗೆಲ್ಲ ಸಾರಿದ್ದ. ಇಸ್ತ್ರಿ ಶರ್ಟು ತೊಟ್ಟು ಹೊರಗೆ ಬಂದರೆ ಸಭೆ ಸೇರಿಬಿಟ್ಟಿದೆ.

“ಇಳಿಯಮ್ಮ, ಗೌರಿಬಿದನೂರಿಗೆ ಹೋಗ್ಬೇಕು.”

“ಹೋಗಿ ಬಾರಪ್ಪ” ಎಂದರು ಮಂಗಮ್ಮ. “ಜಗಲಿ ಯಾಕೆ ತಗೊಂಡು ಹೋಗ್ತೀಯ?”

ತಾಯಿ ಮಾತ್ರ ಕಾಳನ್ನೆಲ್ಲ ಮಡಿಲಿಗೆ ತುಂಬಿಕೊಂಡು, ಮಂಡಿ ಹಿಡಿದುಕೊಂಡು ಇಳಿದರು. ಇಳಿದು ಕೂರಲು ಜಾಗ ಹುಡುಕುತ್ತ ಬೀದಿಯ ಉದ್ದಕ್ಕೂ ನೋಡಿದರು. ರಮೇಶ್‌ಬಾಬುವೂ ನೋಡಿದ. ಮನೆಮನೆಯ ಮುಂದೂ ಕಾರು.

“ಕೂತ್ಕೊಳಮ್ಮ” ಎಂದವನೇ ಬಸ್‌ ಸ್ಟ್ಯಾಂಡಿನ ದಾರಿ ಹಿಡಿದ.

ನಿಂತೇ ಪ್ರಯಾಣ ಮಾಡಿ, ಶರ್ಟು ಮುದುರಿಸಿಕೊಂಡು ಛತ್ರ ತಲುಪಿದಾಗ ಸೋದರಮಾವ ಗಂಗುಲಪ್ಪ ಬಾಗಿಲಲ್ಲೇ ಹಿಡಿದರು.

“ಏನೋ, ಕಾರೆಲ್ಲೋ?”

“ಖಾಲಿ ಇಲ್ಲ ಮಾವ” ಎಂದ ರಮೇಶ್‌ಬಾಬು. “ಅಮ್ಮ ಕೂತವ್ರೆ.”