ವಾಣಿಶ್ರೀಯ ಎಡೆ

ಮಹಾಲಯ ಅಮಾವಾಸ್ಯೆಗೆ ಸತ್ತ ಮಗಳ ಎಡೆ ನೋಡಲೆಂದು ಕಲ್ಯಾಣದುರ್ಗದಿಂದ ಮೊದಲ ಬಸ್ಸಿಗೇ ಹೊರಟ ಈರಕ್ಕ ಹಿಂದೂಪುರದ ಬೀಗರ ಮನೆ ಹೊಕ್ಕಾಗ ಮಗ್ಗ ಸುಮ್ಮನಿತ್ತು, ಅಡುಗೆಮನೆಯಲ್ಲಿ ಮಾತ್ರ ಎಣ್ಣೆ ಕಾಯುತ್ತಿತ್ತು. ಅಳಿಯ ಉಮಾಶಂಕರನ ಎರಡನೇ ಹೆಂಡತಿ ಶಿರೀಷಾ, ತುಂಬಿದ ಬಸುರಿ, ನಿಂತೇ ವಡೆ ಕರಿಯುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಏನಾದ್ರೂ ತಿಂದ್ಯೇನಮ್ಮ?" ಎಂದಳು ಈರಕ್ಕ.

"ಇನ್ನೂ ಇಲ್ಲಮ್ಮ. ಎಡೆ ಇಕ್ಕಿ ಕಾಗೆ ಮುಟ್ಬೇಕು, ಗಂಡಸ್ರದ್ದು ಊಟ ಆಗ್ಬೇಕು. ಆಮೇಲೆ ತಿಂತೀನಿ."

"ಬೇರೆ ದಿನ?"

"ಬೇರೆ ದಿನಾನೂ ಎಲ್ರದ್ದೂ ಆದ್ಮೇಲೇನೇ. ಸಾರು ಮಿಗ್ದೇ ಇದ್ರೆ ಉಪ್ಪಿನ್ಕಾಯಿ ಐತಲ್ಲ."

ಈರಕ್ಕನ ಮೈ ಉರಿದುಹೋಯಿತು. ಅವಳ ವಾಣಿಶ್ರೀಯೂ ಇದೇ ಒಲೆಯ ಮುಂದೆ ಇದೇ ಮಾತು ಹೇಳಿದ್ದಳು. ಅವಳು ಹೆರಿಗೆಯಲ್ಲಿ ಕಣ್ಣು ಮುಚ್ಚಿದಾಗ, ಮೈಯಲ್ಲಿ ರಕ್ತವೇ ಇಲ್ಲ, ಇಷ್ಟು ದಿನ ಏನು ತಿನ್ನಿಸಿದಿರಿ ಎಂದು ಡಾಕ್ಟರಮ್ಮ ಕೇಳಿದ್ದರು. ಈಗ ಅವಳ ಫೋಟೋದ ಮುಂದೆ ಅಗಲವಾದ ಬಾಳೆಲೆ, ಓಳಿಗೆ, ವಡೆ, ಅನ್ನ, ಕಟ್ಟಿನ ಸಾರು, ಮೇಲೆ ಧಾರಾಳವಾಗಿ ತುಪ್ಪ. ಬದುಕಿದ್ದಾಗ ಆ ಹುಡುಗಿ ತುಪ್ಪದ ವಾಸನೆ ನೋಡಿದ್ದರೆ ಹೆಚ್ಚು.

ಪೂಜೆಯಾಯಿತು. ಉಮಾಶಂಕರ್ ತಾರಸಿಯ ಮೇಲೆ ಕಾಗೆಗೆ ಅನ್ನ ಇಟ್ಟು ಬಂದ. ಅವನ ಚಿಕ್ಕಪ್ಪಂದಿರು ಹಜಾರದಲ್ಲಿ ಊಟಕ್ಕೆ ಕಾದಿದ್ದರು. ಕಾಗೆಯ ಸುಳಿವೇ ಇರಲಿಲ್ಲ. ಶಿರೀಷಾ ಬಾಗಿಲು ಹಿಡಿದುಕೊಂಡವಳು ಹಾಗೇ ಕುಸಿದು ಕುಳಿತಳು.

"ಈ ಹುಡ್ಗಿಗೆ ಮೊದ್ಲು ಊಟಕ್ಕಿಕ್ಕು," ಎಂದಳು ಈರಕ್ಕ ಬೀಗಿತ್ತಿಗೆ.

"ಕಾಗೆ ಮುಟ್ದೇ ಹೆಂಗಿಕ್ಕೋದು ಈರಕ್ಕ? ಪೆದ್ದಲ ಕೆಲ್ಸ ಇದು, ಹಿರೇರ ಕಾರ್ಯ," ಎಂದಳು ಪದ್ಮಾವತಮ್ಮ. "ನಾನೂ ಬೆಳಗ್ಗಿಂದ ನೀರು ಬಿಟ್ರೆ ಏನೂ ಮುಟ್ಟಿಲ್ಲ. ನಮ್ಮತ್ತೆ ಕಾಲ್ದಲ್ಲಿ ಬಸುರೀಲೂ ಹಿಂಗೇ ಇದ್ದೋಳು ನಾನು. ಸತ್ತೋದ್ನಾ?"

"ನೀನು ಸಾಯ್ಲಿಲ್ಲ. ನನ್ ಮಗ್ಳು ಸತ್ಲು."



"ಅತ್ತೆ, ಇವತ್ತು ಆ ಮಾತ್ಯಾಕೆ?" ಎಂದ ಉಮಾಶಂಕರ್.

"ಇನ್ಯಾವತ್ತು ಆಡ್ಲಪ್ಪ? ಅವಳ ಹೆಸ್ರಲ್ಲಿ ತಾನೇ ಈ ಎಲೆ ಇಕ್ಕಿರೋದು?"

ಈರಕ್ಕ ಫೋಟೋದ ಮುಂದಿನ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಶಿರೀಷಾಳ ಮುಂದಿಟ್ಟಳು. "ತಿನ್ನಮ್ಮ. ಇದು ನನ್ ಮಗ್ಳ ಪಾಲು. ಅವಳ ತಾಯಿ ನಾನೇ ಕೊಡ್ತಾ ಇವ್ನಿ. ಯಾರು ಬ್ಯಾಡ ಅಂತಾರೋ ನೋಡ್ತೀನಿ."

ಶಿರೀಷಾ ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಉಮಾಶಂಕರ್ ಫೋಟೋದ ಮುಂದೆ ಖಾಲಿಯಾದ ಜಾಗವನ್ನೇ ನೋಡುತ್ತ ನಿಂತಿದ್ದ. ಆಮೇಲೆ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಹೆಂಡತಿಯ ಪಕ್ಕದಲ್ಲಿಟ್ಟು, "ತಿನ್ನು," ಎಂದ. ಅವಳು ಯಾರನ್ನೂ ನೋಡದೆ ಗಬಗಬನೆ ತಿನ್ನತೊಡಗಿದಳು.

ಗೋಡೆಗೊರಗಿ ನಿಂತ ಪದ್ಮಾವತಮ್ಮ ಉಗುಳು ನುಂಗಿದ್ದು ಈರಕ್ಕನ ಕಣ್ಣಿಗೆ ಬಿತ್ತು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವಳೂ ಬಿಸಿ ಅನ್ನ ಉಂಡಿರಲಿಕ್ಕಿಲ್ಲ. ಈರಕ್ಕನ ಸಿಟ್ಟೇನೂ ಇಳಿದಿರಲಿಲ್ಲ. ಮಗಳನ್ನು ನುಂಗಿದವಳು ಇವಳೇ ಎಂದು ಈಗಲೂ ಹೊಟ್ಟೆ ಉರಿಯುತ್ತಿತ್ತು. ಆದರೂ ಇನ್ನೊಂದು ಎಲೆ ತಂದು ಹಾಸಿದಳು.

"ನೀನೂ ಕೂತ್ಕೋ ಪದ್ಮಾವತಮ್ಮ."

"ಗಂಡಸ್ರದ್ದು ಇನ್ನೂ ಆಗಿಲ್ವಲ್ಲ..."

"ಕಾಯ್ಲಿ," ಎಂದು ಈರಕ್ಕ ಅನ್ನ ಬಡಿಸಿದಳು.